ಬೀಗ ಹಾಕಿದವನೇ ಕೀಲಿ ಮಾರಿದರೆ

ಈ ಸಲ ನಾವು ಆಟದ ಬಗ್ಗೆ ಬರೀತಿದ್ದೇವೆ. ಕಂಪ್ಯೂಟರಿನಲ್ಲಿ ಆಡುವ ಆಟ. ‘ಇದೆಲ್ಲ ಹೊಟ್ಟೆ ತುಂಬಿದವರ ಚಟ, ಇದಕ್ಕೆ ಪತ್ರಿಕೆಯ ಪುಟ ಯಾಕೆ ಹಾಳು’ ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲೂ ಇದ್ದಾರೆ. ನಾಟಕ ಕಂಪನಿ ಬಂದಾಗ, ಟೂರಿಂಗ್ ಟಾಕೀಸು ಬಂದಾಗ ಇದೇ ಮೂಗು ಹೀಗೇ ಮುರಿದಿತ್ತು. ನಮ್ಮ ವಯಸ್ಸಿನ ಹುಡುಗ ಹುಡುಗಿಯರು ಇವತ್ತು ಒಂದು ಕಥೆಯ ಜೊತೆ ಮುನ್ನೂರು ನಾನೂರು ಗಂಟೆ ಬದುಕುತ್ತಾರೆ ಎಂದರೆ ಅದು ಇಂಥ ಆಟದಲ್ಲೇ. ಅಷ್ಟು ಜನ ಅಷ್ಟು ಹೊತ್ತು ಬದುಕುವ ಕಥೆಯನ್ನು ವಿಮರ್ಶೆಯ ಹೊಸ್ತಿಲಾಚೆ ನಿಲ್ಲಿಸುವ ಮಡಿವಂತಿಕೆ ನಮಗೆ ಬೇಡ. ಕಥೆ ಇದ್ದಲ್ಲಿ ವಿಮರ್ಶೆ ಹೋಗಬೇಕು. ದುಡ್ಡು ಕೈ ಬದಲಾಗುವಲ್ಲಿಗಂತೂ ಹೋಗಲೇಬೇಕು.

ಆಟ ಆಡದ ಗೆಳೆಯರಿಗೆ, ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಮುಖ್ಯವಾಗಿ, ವಿಷಯ ಏನೆಂದು ಮೊದಲು ಹೇಳಿಬಿಡುತ್ತೇವೆ. ಆನ್‌ಲೈನ್ ಆಟ ಎಂದರೆ ಸಾವಿರಾರು ಜನ ಒಂದೇ ಹೊತ್ತಿಗೆ ಇರುವ ಒಂದು ಲೋಕ. ಅಲ್ಲಿ ಊರುಗಳಿವೆ, ಸಂತೆ ಇದೆ, ಕಾಡಿದೆ, ಕಸುಬುಗಳಿವೆ. ನಡುವೆ ಒಂದು ದೊಡ್ಡ ಕಥೆ ಹರಿಯುತ್ತಿರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಆ ಲೋಕಕ್ಕೆ ಹೊಸ ಭಾಗ ಸೇರಿಸುತ್ತದೆ: ಹೊಸ ನಾಡು, ಹೊಸ ಕಸುಬು, ಕಥೆಯ ಮುಂದಿನ ಸಂಪುಟ. ಇದಕ್ಕೆ ಎಕ್ಸ್‌ಪ್ಯಾನ್ಶನ್ ಅಂತಾರೆ. ಅದರ ಬೆಲೆ ಬೇರೆ. ಈಗ ಪ್ರಶ್ನೆ ಇಷ್ಟೇ. ಹೊಸ ಭಾಗವನ್ನು ದುಡ್ಡು ಕೊಟ್ಟು ಕೊಂಡವನು ಅವತ್ತೇ ಅಲ್ಲಿಗೆ ಕಾಲಿಡಬಹುದೋ, ಇಲ್ಲಾ ಹಳೆಯ ಕಥೆಯನ್ನೆಲ್ಲ ಮೊದಲಿನಿಂದ ನಡೆದು ಮುಗಿಸಿದ ಮೇಲೆಯೇ ಬಾಗಿಲು ತೆಗೆಯಬೇಕೋ?

ಸುಲಭದ ಪ್ರಶ್ನೆ ಅನ್ನಿಸುತ್ತೆ. ದುಡ್ಡು ಕೊಟ್ಟಿದ್ದಾನೆ, ಬಿಡಿ ಒಳಗೆ ಎಂದು ಹೇಳಿ ಎದ್ದುಬಿಡಬಹುದು. ನಾವೂ ಹಾಗೇ ಹೇಳುತ್ತಿದ್ದೆವು, ಈ ಬಾಗಿಲ ಮುಂದೆ ನಮ್ಮವನೇ ಒಬ್ಬ ನಿಲ್ಲುವ ತನಕ.

ನಾವು ನಾಲ್ವರು ಒಂದೇ ಹಾಸ್ಟೆಲಿನವರು. ನಾಲ್ವರ ಮನೆಯಲ್ಲೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಒಂದು, ಪಾಳಿ ಹಾಕಿಕೊಂಡು ಆಡೋದು. ಮೂವರು ಹಾಗೆ ಹೀಗೆ ಮುಂದೆ ಹೋದೆವು. ನಾಲ್ಕನೆಯವನು ರಾತ್ರಿಪಾಳಿ ಕೆಲಸಕ್ಕೆ ಸೇರಿಕೊಂಡ, ಹಿಂದೆ ಉಳಿದ. ಈ ಬರಹ ಒಂದು ರೀತಿಯಲ್ಲಿ ಅವನ ಪರವಾದ ವಕಾಲತ್ತು. ಅವನ ವಿರುದ್ಧವೂ ಒಂದೆರಡು ಮಾತು ಬರುತ್ತವೆ, ಬೇಜಾರು ಮಾಡ್ಕೋಬಾರದು.

ಆಟದ ಹೆಸರು ಫೈನಲ್ ಫ್ಯಾಂಟಸಿ 14. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯದು. 2010ರ ಸೆಪ್ಟೆಂಬರಿನಲ್ಲಿ ಬಂತು, ಬಂದ ಕೂಡಲೇ ಮಕಾಡೆ ಬಿತ್ತು. ಆ ವರ್ಷದ ಕೊನೆಯಲ್ಲಿ ನಾವೊಕಿ ಯೋಶಿದಾ ಎಂಬ ನಿರ್ದೇಶಕನ ಕೈಗೆ ಕೊಟ್ಟರು. ಆತ ತೇಪೆ ಹಚ್ಚುತ್ತಾ ಕೂರಲಿಲ್ಲ. 2012ರ ನವೆಂಬರಿನಲ್ಲಿ ಆಕಾಶದಿಂದ ಒಂದು ಚಂದ್ರನನ್ನು ಬೀಳಿಸಿ ಹಳೆಯ ಲೋಕವನ್ನೇ ಸುಟ್ಟ. 2013ರ ಆಗಸ್ಟಿನಲ್ಲಿ ‘ಎ ರೆಲ್ಮ್ ರೀಬಾರ್ನ್’ ಎಂಬ ಹೆಸರಲ್ಲಿ ಹೊಸ ಲೋಕ ಕಟ್ಟಿ ನಿಲ್ಲಿಸಿದ. ತಮ್ಮ ಸೋಲನ್ನೇ ಕಥೆಯೊಳಗೆ ಒಂದು ಪ್ರಳಯವಾಗಿ ಸೇರಿಸಿಕೊಂಡ ಈ ಧೈರ್ಯ ನಮಗೆ ಹಿಡಿಸಿತು. ಮುಂದಿನದಕ್ಕೆಲ್ಲ ಬುನಾದಿ ಅದೇ: ಈ ಆಟದಲ್ಲಿ ಆದದ್ದು ಆದದ್ದೇ, ನಡೆದದ್ದಕ್ಕೆ ಲೆಕ್ಕ ಇದೆ.

2015ರ ಜೂನಿನಲ್ಲಿ ಮೊದಲ ಎಕ್ಸ್‌ಪ್ಯಾನ್ಶನ್ ಬಂತು, ‘ಹೆವನ್ಸ್‌ವರ್ಡ್’. ಹೊಸ ನಗರ ಇಶ್‌ಗಾರ್ಡ್, ಹೊಸ ಕಸುಬುಗಳು ಮೂರು. ಕೊಂಡವರು ಹಬ್ಬಕ್ಕೆ ಹೊಸ ಬಟ್ಟೆ ತಂದವರಂತೆ ಕುಣಿದರು. ಆದರೆ ಬಾಗಿಲಿಗೆ ಬೀಗ. ಮೂಲ ಕಥೆ ಮುಗಿಸಿದರೆ ಸಾಲದು, ಅದು ಮುಗಿದ ಮೇಲೆ ಸುಮಾರು ಒಂದೂವರೆ ವರ್ಷದ ಉದ್ದಕ್ಕೆ ಕಂತುಕಂತಾಗಿ ಸೇರಿಸಿದ ಕಥೆಯೆಲ್ಲ ಮುಗಿಯಬೇಕು. ಹೊಸ ಕಸುಬು ಕಲಿಸುವ ಗುರುಗಳೂ ಆ ನಗರದ ಒಳಗೇ ಕೂತಿದ್ದರು. ಹೀಗಾಗಿ ಕತ್ತಿ ಹಿಡಿಯುವ ಹೊಸ ವಿದ್ಯೆಗೆ ದುಡ್ಡು ಕೊಟ್ಟವನು ಮೊದಲು ನೂರಾರು ಚಾಕರಿ ಮುಗಿಸಿ ಬರಬೇಕು. ಆಟಗಾರರು ಬೈದರು. ಬೈಗುಳದಲ್ಲಿ ನ್ಯಾಯ ಇತ್ತು. ಇದು ತಿಂಗಳ ಚಂದಾ ಕಟ್ಟಿ ಆಡುವ ಆಟ, ಅಮೆರಿಕದ ಲೆಕ್ಕದಲ್ಲಿ ತಿಂಗಳಿಗೆ 13ರಿಂದ 15 ಡಾಲರು. ನಡೆಯುವ ದಾರಿ ಉದ್ದವಾದಷ್ಟೂ ಕಟ್ಟುವ ಕಂತು ಹೆಚ್ಚು. ಕಥೆಯ ಗೌರವಕ್ಕೆ ಹಾಕಿದ ಬೀಗವೋ, ಕಂತು ಎಣಿಸಲಿಕ್ಕೆ ಹಾಕಿದ ಬೀಗವೋ ಎಂದು ಕೇಳಿದವರನ್ನು ತಪ್ಪು ಅನ್ನೋ ಹಾಗಿಲ್ಲ.

ಬಾಗಿಲು ಎಂದ ಕೂಡಲೇ ನಮ್ಮ ಮಂದಿಗೆ ಬೇರೆ ಬಾಗಿಲುಗಳು ನೆನಪಾಗುತ್ತವೆ. ಆ ನೆನಪನ್ನು ಇಲ್ಲಿ ಅಗ್ಗಕ್ಕೆ ಖರ್ಚು ಮಾಡುವುದಿಲ್ಲ. ಹುಟ್ಟನ್ನು ನೋಡಿ ಮುಚ್ಚುವ ಬಾಗಿಲು ಒಂದು, ನಡೆದು ಬಂದ ಯಾರಿಗಾದರೂ ತೆರೆಯುವ ಬಾಗಿಲು ಇನ್ನೊಂದು. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಮೊದಲನೆಯದರ ಕ್ರೌರ್ಯವನ್ನು ನಾವೇ ಸಣ್ಣದು ಮಾಡಿದ ಹಾಗೆ. ಇಶ್‌ಗಾರ್ಡಿನದು ಎರಡನೆಯ ತರಹದ ಬಾಗಿಲು. ಆದ್ದರಿಂದ ಕೇಳಬೇಕಾದ್ದು: ನಡೆದು ಬಂದರೆ ಸಿಗುವುದು ಏನು, ಮತ್ತು ಆ ದಾರಿ ನಡೆಯುವಂತಿದೆಯೆ?

ಸಿಗುವುದು ಏನು ಎಂಬುದಕ್ಕೆ ಕಥೆಯನ್ನೇ ಹೇಳಬೇಕು. ಗುಟ್ಟು ಒಡೆದರು ಎಂದು ಯಾರೂ ದೂರಬೇಡಿ, ಹತ್ತು ವರ್ಷ ದಾಟಿದ ಕಥೆ ಇದು.

ಉಲ್ದಾ ಎಂಬ ಮರುಭೂಮಿಯ ನಗರ. ಅಧಿಕಾರ ಹೆಸರಿಗೆ ರಾಣಿ ನನಾಮೊಳದ್ದು, ಚಲಾವಣೆ ಶ್ರೀಮಂತ ವರ್ತಕರದ್ದು. ಕೋಟೆಯ ಹೊರಗೆ ಗುಳೆ ಬಂದ ಪರದೇಶಿಗಳು ಹರುಕು ಡೇರೆ ಹಾಕಿಕೊಂಡು ಬಿದ್ದಿದ್ದಾರೆ. ಸಿಂಹಾಸನ ಬಿಟ್ಟು ಅಧಿಕಾರವನ್ನು ಜನರ ಕೈಗೆ ಕೊಡುತ್ತೇನೆ ಎಂದು ರಾಣಿ ತೀರ್ಮಾನ ಮಾಡುತ್ತಾಳೆ. ವಿಜಯದ ಔತಣದ ರಾತ್ರಿ ಅವಳ ಲೋಟಕ್ಕೆ ವಿಷ ಬೀಳುತ್ತದೆ. ಕೋಣೆಯಲ್ಲಿ ಜೊತೆಗಿದ್ದವನು ಆಟಗಾರ, ಅಂದರೆ ನೀವು. ಕೊಲೆ ನಿಮ್ಮ ತಲೆಗೆ. ನಿಮ್ಮನ್ನು ಕಾಪಾಡಲು ಜೊತೆಗಾರರು ಒಬ್ಬೊಬ್ಬರಾಗಿ ಸುರಂಗದಲ್ಲಿ ಹಿಂದೆ ಉಳಿಯುತ್ತಾರೆ. ಸೇನಾಪತಿ ರೌಬಾನನ ತೋಳು ಕಡಿದು ಬೀಳುತ್ತದೆ. ನಿನ್ನೆ ತನಕ ಹಾರ ಹಾಕಿದ ಊರಿನಿಂದ ನೀವು ತಲೆ ಮರೆಸಿಕೊಂಡು ಓಡುತ್ತೀರಿ. ಹಿಮ ಬೀಳುವ ಗಡಿಯ ಒಂದು ಠಾಣ್ಯದಲ್ಲಿ ಓರ್ಶೆಫಾನ್ ಎಂಬ ಸೈನಿಕ ಬಾಗಿಲು ತೆಗೆದು ಒಳಗೆ ಕರೆದು ಬೆಂಕಿಯ ಮುಂದೆ ಕೂರಿಸಿ ಬಿಸಿ ಕುಡಿಯಲು ಕೊಡುತ್ತಾನೆ. ಪ್ರಶ್ನೆ ಕೇಳುವುದಿಲ್ಲ. ಹೊರಗಿನವರನ್ನು ಒಳಗೆ ಬಿಡದ ಇಶ್‌ಗಾರ್ಡಿನ ಹೆಬ್ಬಾಗಿಲು ನಿಮಗೆ ತೆರೆಯುವುದು ಇದಾದ ಮೇಲೆ, ಅವನ ಮನೆತನದ ಜಾಮೀನಿನ ಮೇಲೆ.

ಅಂದರೆ ಆ ನಗರಕ್ಕೆ ನೀವು ಹೋಗುವುದು ನಿರಾಶ್ರಿತರಾಗಿ. ಹೆವನ್ಸ್‌ವರ್ಡ್ ಎಂಬ ಸಂಪುಟದ ಮೊದಲ ವಾಕ್ಯವೇ ಆ ನಿರಾಶ್ರಿತತನ. ಹಿಂದಿನದನ್ನು ನಡೆಯದೆ ನೇರ ಬಾಗಿಲಿಗೆ ಬಂದವನು ಟಿಕೇಟು ಕೊಂಡ ಪ್ರವಾಸಿ. ಅವನಿಗೆ ಕಾಣುವುದು ಹಿಮ, ಕಲ್ಲಿನ ಗೋಪುರ, ಚಂದದ ಸಂಗೀತ. ಬೀಗ ಬೇಕು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನಾವು ಬೇರೆ ಆಟದಲ್ಲಿ ಕಂಡಿಲ್ಲ.

ಒಳಗೆ ಹೋದ ಮೇಲಿನ ಕಥೆಯನ್ನೂ ಒಂದಿಷ್ಟು ಹೇಳದೆ ಇರಲಾರೆವು, ಯಾಕೆಂದರೆ ಇಲ್ಲಿ ಆಟ ನಮ್ಮ ಎದೆಗೇ ಕೈ ಹಾಕಿತು. ಆ ನಗರದಲ್ಲಿ ಮೇಲ್ಗಡೆ ದೊಡ್ಡ ಮನೆತನಗಳು, ಕೆಳಗಡೆ ಬ್ರೂಮ್ ಎಂಬ ಕೊಳೆಗೇರಿ. ಸಾವಿರ ವರ್ಷದಿಂದ ಡ್ರ್ಯಾಗನ್ನುಗಳ ಜೊತೆ ಯುದ್ಧ. ನಾವು ಆ ಪುಣ್ಯಯೋಧರ ವಂಶ, ಆದ್ದರಿಂದ ಮೇಲಿದ್ದೇವೆ ಎನ್ನುತ್ತಾರೆ ಮನೆತನದವರು. ಅದಕ್ಕೆ ಠಸ್ಸೆ ಒತ್ತುವುದು ಗುರುಪೀಠ. ನಡೆಯುತ್ತಾ ನಡೆಯುತ್ತಾ ಗೊತ್ತಾಗುವುದೇನು? ಮೊದಲು ಮೋಸ ಮಾಡಿದವರು ಮನುಷ್ಯರೇ. ನಂಬಿ ಬಂದ ಡ್ರ್ಯಾಗನ್ನನ್ನು ಕೊಂದು ಅದರ ಕಣ್ಣನ್ನು ತಿಂದು ಬಲ ಪಡೆದವರು ಆ ಪುಣ್ಯಯೋಧರು. ಸಾವಿರ ವರ್ಷದ ಮೇಲು ಕೀಳಿನ ಮಾಳಿಗೆ ನಿಂತದ್ದು ಒಂದು ಸುಳ್ಳು ಪುರಾಣದ ಮೇಲೆ. ಆ ಸುಳ್ಳು ಬಯಲಾದ ಮೇಲೆ ಮೇಲಿನವರು ಕೆಳಗಿನವರು ಇಬ್ಬರಿಗೂ ಜಾಗ ಇರುವ ಸಭೆ ಕಟ್ಟುವ ತನಕ ಕಥೆ ಹೋಗುತ್ತದೆ. ಜಪಾನಿನಲ್ಲಿ ಕೂತು ಬರೆದವರಿಗೆ ನಮ್ಮ ಊರಿನ ಕೇರಿ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆ ಕೊಳೆಗೇರಿಯ ಮೆಟ್ಟಿಲಲ್ಲಿ ನಿಂತಾಗ ನಮ್ಮ ನಾಲ್ವರಲ್ಲಿ ಮೂವರು ಬಹಳ ಹೊತ್ತು ಮಾತಾಡಲಿಲ್ಲ. ನಾಲ್ಕನೆಯವನು ಆಗ ಕೆಲಸದಲ್ಲಿದ್ದ.

ಬೀಗದ ಪರ ಇಷ್ಟು ಹೇಳಿದೆವು. ಈಗ ದಾರಿಯ ವಿಷಯ.

ದಾರಿ ಕೆಟ್ಟದಾಗಿತ್ತು. ಮೂಲ ಕಥೆಯಲ್ಲಿ ‘ವೇಕಿಂಗ್ ಸ್ಯಾಂಡ್ಸ್’ ಎಂಬ ಒಂದು ಕಚೇರಿ ಬರುತ್ತದೆ. ಪ್ರತಿ ಸಣ್ಣ ಕೆಲಸ ಮುಗಿದ ಮೇಲೂ ಅಲ್ಲಿಗೆ ಬಂದು ವರದಿ ಒಪ್ಪಿಸು ಅಂತಾರೆ. ಈ ಲೋಕದಲ್ಲಿ ಕ್ಷಣದಲ್ಲಿ ಊರಿಂದೂರಿಗೆ ಹಾರಲು ಮಂತ್ರಶಿಲೆಗಳಿವೆ, ಆದರೆ ಆ ಕಚೇರಿ ಇರುವ ಊರಲ್ಲಿ ಅದು ಇಲ್ಲ! ಪಕ್ಕದ ಊರಲ್ಲಿ ಇಳಿದು ಓಡಬೇಕು. ಹೋಗು, ಬಾ, ಮತ್ತೆ ಹೋಗು. ತಾಲ್ಲೂಕು ಕಚೇರಿಗೆ ಜಾತಿ ಸರ್ಟಿಫಿಕೇಟಿಗೆ ಅಲೆದವರಿಗೆ ಈ ಓಡಾಟದ ರುಚಿ ಚೆನ್ನಾಗಿ ಗೊತ್ತು. ದೈತ್ಯನೊಬ್ಬನ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಹಳೆಯ ವೀರರಿಗೆ ಔತಣ ಹೊಂದಿಸು ಎಂದು ಊರೂರು ಸುತ್ತಿಸುತ್ತಾರೆ. ಕಥೆ ಎಂಬ ಹೆಸರಿನಲ್ಲಿ ಇದು ಬಿಟ್ಟಿ ಚಾಕರಿ. ಮೇಲೆ ನಾವು ಹೊಗಳಿದ ಆ ವಿಷದ ರಾತ್ರಿಯನ್ನು ತಲುಪುವ ಮೊದಲೇ ಎಷ್ಟು ಜನ ಬೇಸತ್ತು ಎದ್ದುಹೋಗಿರಬೇಡ.

ಕಂಪನಿ ಇದನ್ನು ಒಪ್ಪಿಕೊಂಡಿತು, ತಡವಾಗಿ. 2020ರ ಆಗಸ್ಟಿನಲ್ಲಿ ಮೂಲ ಕಥೆಯ ಕೆಲಸಗಳಲ್ಲಿ ನೂರಕ್ಕೆ ಹದಿಮೂರರಷ್ಟನ್ನು ಕಿತ್ತುಹಾಕಿದರು, ಆ ಕಚೇರಿಗೆ ಹಾರಲು ಚೀಟಿ ಕೊಟ್ಟರು. ಹೆವನ್ಸ್‌ವರ್ಡ್ ಬಂದು ಐದು ವರ್ಷ ಆದ ಮೇಲೆ. ಕಳೆ ಕಿತ್ತ ಮೇಲೆ ಬೆಳೆಗೆ ಏನೂ ಆಗಲಿಲ್ಲ, ಕಥೆ ಇನ್ನಷ್ಟು ಚೆನ್ನಾಗಿಯೇ ಕಂಡಿತು. ಹಾಗಾದರೆ ಅಷ್ಟು ವರ್ಷ ಜನರನ್ನು ಕಳೆಯಲ್ಲಿ ನಡೆಸಿದ್ದಕ್ಕೆ ಕಲೆಯ ಕಾರಣ ಇರಲಿಲ್ಲ ಎಂದಾಯಿತು.

ಅದೇ ಕಂಪನಿ ಮಾಡಿದ ಒಂದು ಒಳ್ಳೆಯ ಕೆಲಸ ಹೇಳದಿದ್ದರೆ ನಾವು ಪ್ರಾಮಾಣಿಕರಲ್ಲ. ಹಳೆಯ ದಾರಿಯಲ್ಲಿ ಜನ ಇರುವ ಹಾಗೆ ನೋಡಿಕೊಂಡರು. ಕಥೆಯ ನಡುವೆ ಬರುವ ಗುಹೆಗಳಿಗೆ ಕನಿಷ್ಠ ನಾಲ್ವರು ಬೇಕಿತ್ತು. ಹೊಸಬನಿಗೆ ಉಳಿದ ಮೂವರು ಎಲ್ಲಿಂದ ಸಿಗಬೇಕು? ಅದಕ್ಕೆ ‘ರೂಲೆಟ್’ ಎಂಬ ಏರ್ಪಾಡು. ಹತ್ತು ವರ್ಷ ಆಡಿದ ಮಹಾವೀರನಿಗೂ ದಿನಾ ಒಂದು ಹಳೆಯ ಗುಹೆಗೆ ಹೋಗಿಬಂದರೆ ಬಹುಮಾನ. ಆದರೆ ಅಲ್ಲಿ ಅವನ ಬಲವನ್ನು ಹೊಸಬನ ಮಟ್ಟಕ್ಕೆ ಇಳಿಸಿ ಕಳಿಸುತ್ತಾರೆ. ದೊಡ್ಡವನು ದೊಡ್ಡಸ್ತಿಕೆಯನ್ನು ಹೊರಗೆ ಬಿಚ್ಚಿಟ್ಟು ಹೊಸಬನ ಸಮಕ್ಕೆ ನಿಂತು ಕೈ ಹಚ್ಚಬೇಕು. ನಮಗೆ ಈ ಆಟದ ಎಲ್ಲ ಡ್ರ್ಯಾಗನ್ನುಗಳಿಗಿಂತ ಈ ನಿಯಮ ದೊಡ್ಡದಾಗಿ ಕಾಣುತ್ತದೆ.

ಹೀಗೆ ಮಾಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟ ನೋಡಿ. 2007ರ ಜನವರಿಯಲ್ಲಿ ಅದರ ಮೊದಲ ಎಕ್ಸ್‌ಪ್ಯಾನ್ಶನ್ ‘ಬರ್ನಿಂಗ್ ಕ್ರುಸೇಡ್’ ಬಂತು. ಅದರಲ್ಲಿ ದೊಡ್ಡ ಯುದ್ಧಗಳಿಗೆ ಸರಪಳಿ ಬೀಗ: ಈ ಕೋಟೆ ಗೆದ್ದರೆ ಆ ಕೋಟೆಯ ಕೀಲಿ, ಆ ಕೋಟೆ ಗೆದ್ದರೆ ಮುಂದಿನದು. ಮೊದಲು ಹೊರಟವರಿಗೆ ಅದು ಸಾಹಸ. ಆರು ತಿಂಗಳು ಬಿಟ್ಟು ಬಂದವರಿಗೆ ದಾರಿಯೇ ಖಾಲಿ. ಜೊತೆಗೆ ಬರುವವರಿಲ್ಲ, ಬರುವವರಿಗೆ ಅಲ್ಲಿ ಲಾಭವಿಲ್ಲ. ಕೊನೆಗೆ ಸಂಘಗಳು ಹೊಸಬರನ್ನು ತಯಾರು ಮಾಡುವ ಬದಲು ಕೀಲಿ ಇರುವವರನ್ನೇ ಬೇರೆ ಸಂಘದಿಂದ ಎಳೆದುಕೊಳ್ಳಲು ಶುರು ಮಾಡಿದವು. 2008ರ ಹೊತ್ತಿಗೆ ಕಂಪನಿಯೇ ಆ ಬೀಗಗಳನ್ನು ತೆಗೆದುಹಾಕಿತು. ಎರಡೂ ಬೀಗವೇ. ಒಂದು ಕಡೆ ದಾರಿಯಲ್ಲಿ ಸಂತೆ, ಇನ್ನೊಂದು ಕಡೆ ಸ್ಮಶಾನ.

ಬೀಗ ಇದ್ದ ಕಡೆ ನೂಕುನುಗ್ಗಲೂ ಆಗುತ್ತದೆ. 2017ರ ಜೂನಿನಲ್ಲಿ ಎರಡನೆಯ ಎಕ್ಸ್‌ಪ್ಯಾನ್ಶನ್ ‘ಸ್ಟಾರ್ಮ್‌ಬ್ಲಡ್’ ಬಂದಾಗ ಫೈನಲ್ ಫ್ಯಾಂಟಸಿಯಲ್ಲಿ ಇದು ತಮಾಷೆಯಾಗಿ ಆಯಿತು. ಕಥೆಯ ಆರಂಭದಲ್ಲೇ ರೌಬಾನನ ಜೊತೆ ಮಾತಾಡಿ ಒಂಟಿಯಾಗಿ ಒಂದು ಕಾಳಗಕ್ಕೆ ಹೋಗಬೇಕು. ಅದನ್ನು ನಡೆಸುವ ಯಂತ್ರಗಳು ಜನರ ಭಾರಕ್ಕೆ ಕುಸಿದವು. ಕಥೆ ಆ ಒಂದು ಕಿಂಡಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಆಟಗಾರರು ಏನು ಮಾಡಿದರು? ಒಂಟಿಗೈ ಸೇನಾಪತಿಯ ಮುಂದೆ ತಾವಾಗೇ ಸಾಲು ನಿಂತರು, ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಹಾಗೆ. ಸಾಲಿಗೂ ಯಂತ್ರಕ್ಕೂ ಸಂಬಂಧವೇ ಇಲ್ಲ, ಮುಂದೆ ನಿಂತವನಿಗೆ ಮೊದಲು ಸಿಗುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಆದರೂ ನಿಂತರು. ಆ ಸಾಲಿನ ಚಿತ್ರ ನೋಡಿದಾಗೆಲ್ಲ ನಮಗೆ ನಗುವೂ ಬರುತ್ತೆ, ಮನುಷ್ಯರ ಮೇಲೆ ಪ್ರೀತಿಯೂ ಬರುತ್ತೆ.

ಆ ವರ್ಷವೇ ಬೀಗ ಒಂದಿಷ್ಟು ಸಡಿಲವೂ ಆಯಿತು. ಹೊಸ ಕಸುಬಿನ ಗುರುಗಳನ್ನು ಬೀಗದ ಹೊರಗೆ, ಹಳೆಯ ಉಲ್ದಾ ನಗರದಲ್ಲೇ ಕೂರಿಸಿದರು. 50ನೆಯ ಮಟ್ಟ ಮುಟ್ಟಿದ ಯಾರಾದರೂ ಹೋಗಿ ಕಲಿಯಬಹುದು. ಇದು ಸರಿ. ಕಥೆಯ ಊರಿಗೆ ಬೀಗ ಇರಲಿ, ವಿದ್ಯೆಗೆ ಬೀಗ ಯಾಕೆ?

ನಾವು ಸಿಟ್ಟಾಗುವುದು ಅದೇ 2017ರಲ್ಲಿ ಮಾಡಿದ ಇನ್ನೊಂದು ಕೆಲಸಕ್ಕೆ. ಕಂಪನಿ ಅಂಗಡಿ ತೆರೆದು ಕೀಲಿ ಮಾರಲಿಕ್ಕೆ ಕೂತಿತು. ‘ಟೇಲ್ಸ್ ಆಫ್ ಅಡ್ವೆಂಚರ್’ ಎಂದು ಅದರ ಹೆಸರು. ದುಡ್ಡು ಹಾಕಿದರೆ ಕಥೆಯನ್ನು ನೀನು ನಡೆದು ಮುಗಿಸಿದ್ದೀ ಎಂದು ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಕಥೆ ದಾಟಲು ಒಂದು ಬೆಲೆ, ಮಟ್ಟ ಏರಲು ಇನ್ನೊಂದು ಬೆಲೆ, ಎರಡೂ ಬೇರೆ ಬೇರೆ. ಒಂದೊಂದು ಎಕ್ಸ್‌ಪ್ಯಾನ್ಶನ್ ಬಂದಾಗಲೂ ಹಿಂದಿನದನ್ನು ದಾಟಿಸುವ ಕೀಲಿ ಅಂಗಡಿಗೆ ಬರುತ್ತದೆ. 2024ರ ಜುಲೈಯಲ್ಲಿ ‘ಡಾನ್‌ಟ್ರೇಲ್’ ಬಂದಾಗಲೂ ಹಾಗೇ ಬಂತು.

ಸ್ವಾಮಿ, ಇದರಲ್ಲಿ ಯಾವುದು ನಿಮ್ಮ ಮಾತು? ಕಥೆ ನಡೆಯದೆ ಇಶ್‌ಗಾರ್ಡಿನ ಬಾಗಿಲಿಗೆ ಅರ್ಥವಿಲ್ಲ ಎಂದು ನೀವು ಹೇಳಿದಿರಿ, ನಾವು ನಂಬಿದೆವು, ಮೇಲೆ ಅಷ್ಟುದ್ದ ಹೊಗಳಿ ಬರೆದೆವು. ಆ ಅರ್ಥ ದುಡ್ಡಿಗೆ ಬಿಟ್ಟುಕೊಡುವಂಥದಾದರೆ ಬೀಗ ಯಾತಕ್ಕೆ ಹಾಕಿದಿರಿ? ಬೀಗ ನಿಜವಾದರೆ ಕೀಲಿ ಮಾರಬೇಡಿ. ಕೀಲಿ ಮಾರುವುದಾದರೆ ಅದನ್ನು ಸುಂಕದ ಕಟ್ಟೆ ಅನ್ನಿ, ಕಲೆ ಅನ್ನಬೇಡಿ. ಇದರಲ್ಲಿ ಇನ್ನೂ ಒಂದು ಹುನ್ನಾರ ಇದೆ. ದಾರಿ ಬೇಸರವಾದಷ್ಟೂ ಕೀಲಿಗೆ ಗಿರಾಕಿ ಹೆಚ್ಚು. ದಾರಿ ದುರಸ್ತಿ 2020ರಲ್ಲಿ ಆಯಿತು, ಕೀಲಿಯ ಅಂಗಡಿ 2017ರಲ್ಲೇ ತೆರೆದಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಬೇಕೆಂದೇ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಯಾವುದಕ್ಕೆ ಮೊದಲು ಕೈ ಹಾಕಿದರು ಎಂದಷ್ಟೇ ಹೇಳುತ್ತಿದ್ದೇವೆ.

ಪುರುಸೊತ್ತು ಇರುವವನು ನಡೆಯುತ್ತಾನೆ. ದುಡ್ಡು ಇರುವವನು ಹಾರುತ್ತಾನೆ. ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಬಂದು ಊರಿಗೆ ದುಡ್ಡು ಕಳಿಸಿ ಎರಡು ಗಂಟೆ ಆಡುವವನ ಹತ್ತಿರ ಎರಡೂ ಇಲ್ಲ. ಬೀಗದ ಪರ ವಿರೋಧ ನಡೆಯುವ ಜಗಳದಲ್ಲಿ ಈ ಮೂರನೆಯವನ ಮಾತು ಕೇಳಿಸುವುದೇ ಇಲ್ಲ. ಕಥೆಯ ಪರ ಇರುವವರು ‘ನಿಧಾನವಾಗಿ ಸವಿ’ ಅಂತಾರೆ. ನಿಧಾನಕ್ಕೂ ತಿಂಗಳ ಚಂದಾ ಇದೆ ಎಂಬುದು ಅವರಿಗೆ ನೆನಪಿರುವುದಿಲ್ಲ. 2020ರಲ್ಲಿ ಹೆವನ್ಸ್‌ವರ್ಡ್ ತನಕ, 2023ರ ಅಕ್ಟೋಬರಿನಲ್ಲಿ ಸ್ಟಾರ್ಮ್‌ಬ್ಲಡ್ ತನಕ ಬಿಟ್ಟಿಯಾಗಿ ಆಡಬಹುದು ಎಂದು ಮಾಡಿದ್ದು ಈ ಮೂರನೆಯವನಿಗೆ ಸಿಕ್ಕ ದೊಡ್ಡ ಉಪಕಾರ, ಒಪ್ಪುತ್ತೇವೆ. ಗಡಿಯಾರದ ಭಯವಿಲ್ಲದೆ ನಡೆಯಬಹುದಾಯಿತು. ಆದರೆ 2020ರ ಆ ಬಿಟ್ಟಿ ಆಟಗಾರ ಸಂತೆಯಲ್ಲಿ ವ್ಯಾಪಾರ ಮಾಡುವಂತಿರಲಿಲ್ಲ, ಸಂಘ ಸೇರುವಂತಿರಲಿಲ್ಲ, ತಾನಾಗಿ ಗುಂಪು ಕಟ್ಟುವಂತಿರಲಿಲ್ಲ. ಯಾರಾದರೂ ಕರೆದರೆ ಹೋಗಬೇಕು.

ಹಾಗಾದರೆ ಬಾಗಿಲುಗಳನ್ನೆಲ್ಲ ತೆಗೆದು ಬಿಸಾಕಿದರೆ? ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ 2016ರ ಅಕ್ಟೋಬರಿನಲ್ಲಿ ಹಾಗೆ ಮಾಡಿತು. ಯಾವ ನಾಡಿಗೆ ಯಾರು ಬೇಕಾದರೂ ಯಾವತ್ತು ಬೇಕಾದರೂ ಹೋಗಬಹುದು, ಲೋಕವೇ ನಿಮ್ಮ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ. ಇವತ್ತು ಸೇರಿದ ಗೆಳೆಯ ಇವತ್ತೇ ಪಕ್ಕದಲ್ಲಿ ನಿಲ್ಲುತ್ತಾನೆ. ಇದರ ಸಂತೋಷ ಸಣ್ಣದಲ್ಲ. ಆದರೆ ಮರುವರ್ಷದಿಂದ ಹೊಸಬರನ್ನು ಹೊಸ ಸಂಪುಟದ ಬಾಗಿಲಲ್ಲೇ ಇಳಿಸತೊಡಗಿದರು. ಮೂಲ ಕಥೆ ಎಲ್ಲಿ ಶುರುವಾಗುತ್ತದೆ ಎಂದು ಹೊಸಬ ಯಾರನ್ನಾದರೂ ಕೇಳಿ ತಿಳಿಯಬೇಕಿತ್ತು. ವಾರ್‌ಕ್ರಾಫ್ಟ್ 2014ರಲ್ಲಿ ನೇರ 90ನೆಯ ಮಟ್ಟಕ್ಕೆ ಏರಿಸಲು 60 ಡಾಲರು ಇಟ್ಟಿತು. 2020ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ ಹಳೆಯ ಕಾಲಗಳನ್ನು ಹೋಟೆಲಿನ ತಿಂಡಿಪಟ್ಟಿ ಮಾಡಿತು. ಕ್ರೋಮಿ ಎಂಬ ಪಾತ್ರದ ಹತ್ತಿರ ಹೋಗಿ ಇಂಥ ಕಾಲ ಬೇಕು ಎಂದರೆ ಕಳಿಸುತ್ತಾಳೆ. ಮಟ್ಟ 50 ಮುಟ್ಟಿದರೆ ಕಥೆ ಅರ್ಧಕ್ಕಿದ್ದರೂ ಎಬ್ಬಿಸಿ ಹೊಸ ಕಾಲಕ್ಕೆ ದಬ್ಬುತ್ತಿದ್ದರು. ಉಣ್ಣುವವನ ಮುಂದಿನಿಂದ ಎಲೆ ಎಳೆದ ಹಾಗೆ.

ಎಲ್ಲಕ್ಕಿಂತ ಕೆಟ್ಟದ್ದು ‘ಡೆಸ್ಟಿನಿ 2’ ಮಾಡಿದ್ದು. 2020ರ ನವೆಂಬರಿನಲ್ಲಿ ಅದರ ಕಂಪನಿ ಆಟದ ಮೊಟ್ಟಮೊದಲ ಕಥೆಯನ್ನೂ ಅದರ ಹಿಂದೆ ಬಂದ ಎರಡು ಕಥೆಗಳನ್ನೂ ಆಟದಿಂದಲೇ ಎತ್ತಿಬಿಟ್ಟಿತು. 2022ರ ಫೆಬ್ರವರಿಯಲ್ಲಿ ‘ಫೋರ್ಸೇಕನ್’ ಕಥೆಯೂ ಹೋಯಿತು. ದುಡ್ಡು ಕೊಟ್ಟು ಕೊಂಡವರದ್ದೂ ಹೋಯಿತು. ಯಂತ್ರಕ್ಕೆ ಭಾರ ಜಾಸ್ತಿಯಾಯಿತು ಎಂಬ ಕಾರಣ ಕೊಟ್ಟರು. ಹೊಸದಕ್ಕೆ ಬೀಗ ಹಾಕಬೇಕೋ ಬೇಡವೋ ಎಂದು ನಾವು ಜಗಳ ಆಡುತ್ತಿರುವಾಗ ಇವರು ಹಿಂದಿನದನ್ನೇ ಕಿತ್ತು ಒಯ್ದರು. ಇದರ ಎದುರು ಫೈನಲ್ ಫ್ಯಾಂಟಸಿಯ ಬೀಗ ಗೌರವದ್ದು, ದಾರಿ ಇನ್ನೂ ಅಲ್ಲೇ ಇದೆ.

ಹೊಸಬರಿಗೆ ಹಳಬರಿಂದ ಆಗುವ ಅನ್ಯಾಯವೂ ಉಂಟು, ಕಂಪನಿಗೆ ಮಾತ್ರ ಬೈದರೆ ಅರ್ಧ ಬೈದ ಹಾಗೆ. ಮೂಲ ಕಥೆಯ ಕೊನೆಯ ಕೋಟೆ ಪ್ರಿಟೋರಿಯಂ, ಎಂಟು ಜನ ಸೇರಿ ಹೋಗುತ್ತಿದ್ದದ್ದು. ಹೊಸಬ ಕಥೆಯ ದೃಶ್ಯ ನೋಡುತ್ತಾ ನಿಂತರೆ ಬಹುಮಾನಕ್ಕೆ ಬಂದ ಹಳಬರು ಅವನನ್ನು ಬಿಟ್ಟು ಓಡಿ ಶತ್ರುವನ್ನು ಮುಗಿಸಿಬಿಡುತ್ತಿದ್ದರು. ತಾನು ತಿಂಗಳುಗಟ್ಟಲೆ ನಡೆದು ಬಂದ ಕಥೆಯ ಮುಕ್ತಾಯದಲ್ಲಿ ಅವನು ಖಾಲಿ ಕೋಣೆಯಲ್ಲಿ ನಿಂತಿರುತ್ತಿದ್ದ. 2018ರಲ್ಲಿ ಆ ದೃಶ್ಯಗಳನ್ನು ಯಾರೂ ದಾಟದಂತೆ ಮಾಡಿದರು. ಆಗ ಹಳಬರು ಗೊಣಗಿದರು, ನಾವೂ ಗೊಣಗಿದೆವು, ನಾಚಿಕೆಯ ಮಾತು. 2022ರ ಏಪ್ರಿಲಿನಲ್ಲಿ ಆ ಕೋಟೆಯನ್ನು ಒಡೆದು ನಾಲ್ವರ ಆಟ ಮಾಡಿ, ಕೊನೆಯ ಕಾಳಗವನ್ನು ಒಬ್ಬಂಟಿಗೆ ಬಿಟ್ಟರು. ಗುಹೆಗಳಿಗೆ ಜೊತೆಯಾಗಿ ಯಂತ್ರದ ಗೊಂಬೆಗಳನ್ನೂ ಕೊಟ್ಟರು. ಜನಕ್ಕೆ ಕಾಯದೆ ನಡೆಯಬಹುದು. ರಾತ್ರಿಪಾಳಿಯವನಿಗೆ ಅನುಕೂಲ. ಆದರೂ ನಮ್ಮ ಮನಸ್ಸು ಪೂರ್ತಿ ಒಪ್ಪದು. ಮನುಷ್ಯರು ಸಿಗುವ ದಾರಿಗೆ ಗೊಂಬೆಗಳು ಬಂದರೆ ಅದು ಬೇರೆಯದೇ ದಾರಿ.

ಈಗ ನಮ್ಮ ನಾಲ್ಕನೆಯವನ ಮಾತು. 2021ರ ಡಿಸೆಂಬರಿನಲ್ಲಿ ‘ಎಂಡ್‌ವಾಕರ್’ ಬಂದಾಗ ನೂಕುನುಗ್ಗಲಿಗೆ ಕಂಪನಿ ಆಟದ ಮಾರಾಟವನ್ನೇ ನಿಲ್ಲಿಸಿತ್ತು. 2022ರ ಜನವರಿ ಕೊನೆಯಲ್ಲಿ ಮತ್ತೆ ಶುರುವಾಯಿತು. ಫೆಬ್ರವರಿಯಲ್ಲಿ ಇವನು ಸಂಬಳದ ದುಡ್ಡಲ್ಲಿ ಆಟ ಕೊಂಡ, ಜೊತೆಗೆ ಎರಡೂ ಕೀಲಿ ಕೊಂಡ. ಕಥೆಯದ್ದೂ ಮಟ್ಟದ್ದೂ. ನಮ್ಮನ್ನು ಕೇಳಲಿಲ್ಲ. ‘ನಿಮ್ಮ ಜೊತೆ ಇರಬೇಕಿತ್ತು, ಅಷ್ಟೇ’ ಅಂದ. ಆ ಕಥೆಯ ಕೊನೆಯಲ್ಲಿ ಲೋಕದ ಅಂಚಿನ ಒಂದು ಜಾಗವಿದೆ. ಹತ್ತು ವರ್ಷ ಜೊತೆ ನಡೆದ ಗೆಳೆಯರು ಅಲ್ಲಿ ನಿಮಗೆ ದಾರಿ ಮಾಡಲಿಕ್ಕೆ ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಆ ಸಂಜೆ ನಾವು ಮೂವರೂ ಅತ್ತೆವು, ಮುಚ್ಚಿಡುವುದೇನಿಲ್ಲ. ಅವನು ನಮ್ಮ ಮುಖ ನೋಡುತ್ತಿದ್ದ. ತೆರೆಯ ಮೇಲೆ ಮರೆಯಾಗುತ್ತಿದ್ದವರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅದೇ ಕೋಣೆ, ಅದೇ ಕಂಪ್ಯೂಟರು, ದುಡ್ಡು ನಮಗಿಂತ ಹೆಚ್ಚು ಕೊಟ್ಟವನು ಅವನೇ.

ಅವನು ಮಾಡಿದ್ದು ತಪ್ಪು ಎಂದು ನಮ್ಮಲ್ಲಿಬ್ಬರು ವಾದಿಸಿದರು. ನಡೆಯದೆ ಬಂದವನಿಗೆ ಸಿಗಬೇಕಾದ್ದೇ ಸಿಕ್ಕಿತು ಎಂದು ಕೂಡ ಒಬ್ಬ ಅಂದ. ಅವನು ಹನ್ನೊಂದು ಗಂಟೆಗೆ ಕೆಲಸಕ್ಕೆ ಹೊರಡಬೇಕಿತ್ತು, ಚಪ್ಪಲಿ ಹಾಕಿಕೊಂಡು, ‘ದಾರಿ ನನ್ನ ಪಾಳಿಗೆ ಹೊಂದಲಿಲ್ಲ ಕಣ್ರೋ’ ಎಂದು ಹೇಳಿ ಹೋದ. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಅವನು ಕೀಲಿ ಕೊಂಡದ್ದನ್ನು ನಾವು ಈ ಬರಹದಲ್ಲಿ ಖಂಡಿಸಿಲ್ಲ, ಕೀಲಿ ಮಾರಿದ್ದನ್ನು ಖಂಡಿಸಿದ್ದೇವೆ.

ಆಟದಲ್ಲಿ ‘ನ್ಯೂ ಗೇಮ್ ಪ್ಲಸ್’ ಎಂಬ ಸೌಲಭ್ಯ 2019ರಿಂದ ಇದೆ. ದಾಟಿ ಬಂದ ಕಥೆಯನ್ನು ಹಿಂದಕ್ಕೆ ಹೋಗಿ ನಡೆಯಬಹುದು, ಕೀಲಿ ಕೊಂಡು ದಾಟಿದ್ದನ್ನು ಕೂಡ. ಅವನು ಒಂದು ವರ್ಷದಿಂದ ಅದನ್ನೇ ನಡೆಯುತ್ತಿದ್ದಾನೆ, ಪಾಳಿ ಇಲ್ಲದ ಭಾನುವಾರಗಳಲ್ಲಿ, ಯಾವ ಬಹುಮಾನವೂ ಇಲ್ಲದೆ. ಹೋದ ತಿಂಗಳು ರಾತ್ರಿ ಫೋನು ಮಾಡಿದ. ಹಿಮದ ಆ ಠಾಣ್ಯದಲ್ಲಿ ಕೂತಿದ್ದೇನೆ, ಓರ್ಶೆಫಾನ್ ಬಿಸಿ ಕುಡಿಯಲು ಕೊಟ್ಟಿದ್ದಾನೆ, ಈ ಮನುಷ್ಯ ಮುಂದೆ ಬದುಕುತ್ತಾನೋ ಇಲ್ಲವೋ ಎಂದು ಕೇಳಿದ. ನಾವು ಮೂವರೂ ಗೊತ್ತಿಲ್ಲ ಅಂದೆವು.